ಅದೇ ಕುದುರೆ, ಅದೇ ಬಂದೂಕು, ಬೇರೆ ಬೇರೆ ಅಮೆರಿಕ

ಪ್ರಶ್ನೆ: ನಮ್ಮ ಕಾಲೇಜಿನ ಚಿತ್ರ ಬಳಗದಲ್ಲಿ ಕೌಬಾಯ್ ಸಿನಿಮಾಗಳ ಬಗ್ಗೆ ನಾಲ್ಕು ವಾರ ಕಾರ್ಯಕ್ರಮ ನಡೆಸಬೇಕಿದೆ. ಅಮೆರಿಕದ ಮನಸ್ಸು ಕಾಲದಿಂದ ಕಾಲಕ್ಕೆ ಹೇಗೆ ಬದಲಾಯಿತು ಎಂಬುದು ಈ ಸಿನಿಮಾಗಳಲ್ಲಿ, ಟಿವಿ ಸರಣಿಗಳಲ್ಲಿ ಚೆನ್ನಾಗಿ ಕಾಣುತ್ತದೆ ಎಂದು ಓದಿದ್ದೇನೆ. ನನಗೆ ಮಾತ್ರ ಎಲ್ಲದರಲ್ಲೂ ಅದೇ ಕುದುರೆ, ಅದೇ ಧೂಳು, ಅದೇ ಗುಂಡಿನ ಕಾಳಗ ಕಾಣುತ್ತದೆ. ಏನನ್ನು ನೋಡಬೇಕು, ಹೇಗೆ ನೋಡಬೇಕು?

ಉತ್ತರ: ಎಲ್ಲದರಲ್ಲೂ ಒಂದೇ ಕಾಣುತ್ತದೆ ಎಂದಿರಲ್ಲ, ಕೆಲಸ ಶುರುವಾಗುವುದೇ ಅಲ್ಲಿಂದ. ‘ವೆಸ್ಟರ್ನ್’ ಎಂದರೆ ಇಲ್ಲಿ ಪಾಶ್ಚಾತ್ಯ ಎಂದಲ್ಲ, ಅಮೆರಿಕದ ಪಶ್ಚಿಮ ಸೀಮೆಯ ಕಥೆ. ಅಂತರ್ಯುದ್ಧ ಮುಗಿದ 1865ರಿಂದ ಅಮೆರಿಕದ ಸೇನೆ ಲಕೋಟಾ ಜನರನ್ನು ಕೊಂದ ವೂಂಡೆಡ್ ನೀ ಹತ್ಯಾಕಾಂಡ ನಡೆದ 1890ರವರೆಗಿನ ಇಪ್ಪತ್ತೈದು ವರ್ಷಗಳಲ್ಲೇ ಇವುಗಳಲ್ಲಿ ಹೆಚ್ಚಿನವು ನಡೆಯುತ್ತವೆ. ಆ ಇಪ್ಪತ್ತೈದು ವರ್ಷಗಳನ್ನು ಹಾಲಿವುಡ್ 1903ರಿಂದ ಈವರೆಗೆ ಹೇಳುತ್ತಲೇ ಬಂದಿದೆ. ಕಾಲ, ಸ್ಥಳ, ವೇಷ, ಆಯುಧ ಯಾವುದೂ ಬದಲಾಗುವುದಿಲ್ಲ. ಹಾಗಾಗಿ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಏನಾದರೂ ಬದಲಾಗಿದ್ದರೆ, ಅದು ಹೆಚ್ಚಾಗಿ ಚಿತ್ರ ತಯಾರಾದ ಕಾಲದಿಂದ ಬಂದದ್ದು. ಜಾನಪದ ಕಥೆಯೊಂದನ್ನು ಹತ್ತು ಊರುಗಳಲ್ಲಿ ಸಂಗ್ರಹಿಸಿ ಪಾಠಾಂತರ ಗುರುತಿಸುವವರ ಕ್ರಮವೇ ಇಲ್ಲೂ ಒದಗುತ್ತದೆ.

ಪ್ರತಿ ಚಿತ್ರಕ್ಕೂ ಎರಡು ಇಸವಿ ಬರೆದುಕೊಳ್ಳಿ, ಕಥೆ ನಡೆಯುವುದು ಒಂದು, ಚಿತ್ರ ತೆರೆಗೆ ಬಂದದ್ದು ಇನ್ನೊಂದು. ಆಮೇಲೆ ನಾಲ್ಕೇ ನಾಲ್ಕು ಸಂಗತಿ ಗಮನಿಸಿ. ಕಾನೂನು ಯಾರ ಕೈಯಲ್ಲಿದೆ, ಅವರು ಎಂಥವರು? ನಾಯಕನಿಗೆ ಕಷ್ಟ ಬಂದಾಗ ಊರು ಏನು ಮಾಡುತ್ತದೆ? ವೈರಿ ಯಾರು, ಅವನ ಬಾಯಿಗೆ ಮಾತು ಕೊಟ್ಟಿದ್ದಾರೋ ಇಲ್ಲವೋ? ಕೊನೆಯಲ್ಲಿ ಊರಲ್ಲಿ ಉಳಿಯುವವರು ಯಾರು, ಬಿಟ್ಟು ಹೋಗುವವರು ಯಾರು? ಕುದುರೆ ಓಟ, ಗುಂಡಿನ ಕಾಳಗ ನೋಡಿ ಖುಷಿಪಡಿ, ಆದರೆ ಟಿಪ್ಪಣಿ ಪುಸ್ತಕದಲ್ಲಿ ಅವಕ್ಕೆ ಜಾಗ ಬೇಡ.

ಮೊದಲ ವಾರಕ್ಕೆ ಜಾನ್ ಫೋರ್ಡ್ ನಿರ್ದೇಶನದ ‘ಸ್ಟೇಜ್‌ಕೋಚ್’ (1939) ಇಟ್ಟುಕೊಳ್ಳಿ. ಅವಧಿ 96 ನಿಮಿಷ. ಒಂದು ಕುದುರೆ ಸಾರೋಟಿನಲ್ಲಿ ಸಮಾಜದ ಎಲ್ಲ ಬಗೆಯವರೂ ಒತ್ತೊತ್ತಾಗಿ ಕೂತಿರುತ್ತಾರೆ. ಊರಿನ ಮರ್ಯಾದಸ್ಥ ಹೆಂಗಸರ ಸಂಘ ಹೊರಹಾಕಿದ ವೇಶ್ಯೆ, ಕುಡುಕ ಡಾಕ್ಟರು, ಗರ್ಭಿಣಿ, ಜೂಜುಗಾರ, ಜೈಲಿನಿಂದ ತಪ್ಪಿಸಿಕೊಂಡ ರಿಂಗೊ ಎಂಬ ಹುಡುಗ, ಒಬ್ಬ ಬ್ಯಾಂಕರ್. ಬ್ಯಾಂಕರನ ಕಡೆ ಕಣ್ಣಿಡಿ. ಸರ್ಕಾರ ವ್ಯಾಪಾರದಲ್ಲಿ ಮೂಗು ತೂರಿಸಬಾರದು, ಬ್ಯಾಂಕುಗಳ ಲೆಕ್ಕ ತಪಾಸಣೆಗೆ ಯಾರೂ ಬರಬಾರದು, ದೇಶಕ್ಕೆ ವ್ಯಾಪಾರಿಯೊಬ್ಬ ಅಧ್ಯಕ್ಷನಾಗಬೇಕು ಎಂದು ಅವನು ದಾರಿಯುದ್ದಕ್ಕೂ ಭಾಷಣ ಬಿಗಿಯುತ್ತಾನೆ. ಅವನ ಕೈಚೀಲದಲ್ಲಿರುವುದು ಕದ್ದ 50,000 ಡಾಲರ್. 1930ರಿಂದ 1933ರವರೆಗೆ ಅಮೆರಿಕದಲ್ಲಿ ಸುಮಾರು 9,000 ಬ್ಯಾಂಕುಗಳು ಮುಳುಗಿದ್ದವು. ಟಿಕೆಟ್ ಕೊಂಡು ಕೂತವರಲ್ಲಿ ಠೇವಣಿ ಕಳೆದುಕೊಂಡವರಿಗೆ ಆ ಚೀಲದಲ್ಲಿ ಏನಿದೆ ಎಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಮೊದಲ ತಂಗುದಾಣದ ಊಟದ ಮೇಜಿನ ದೃಶ್ಯವನ್ನು ಎರಡು ಸಲ ಹಾಕಿ. ವೇಶ್ಯೆಯ ಪಕ್ಕ ಕೂರಲಾರದೆ ಗೌರವಸ್ಥರು ಎದ್ದು ಮೇಜಿನ ಆ ತುದಿಗೆ ಹೋಗುತ್ತಾರೆ, ಜೈಲಿನ ಹುಡುಗ ಅವಳ ಜೊತೆ ಕೂತು ಉಣ್ಣುತ್ತಾನೆ. ಯಾರು ನಿಜಕ್ಕೂ ದೊಡ್ಡವರು ಎಂಬ ಪ್ರಶ್ನೆಯನ್ನು ಆರ್ಥಿಕ ಕುಸಿತದ ಅಮೆರಿಕ ಆ ಮೇಜಿನ ಸುತ್ತ ಇಟ್ಟು ನೋಡಿದೆ.

ಇಷ್ಟೆಲ್ಲ ಕರುಣೆಯ ಚಿತ್ರದಲ್ಲಿ ಆ ಸೀಮೆಯ ಮೂಲನಿವಾಸಿಗಳಾದ ಅಪಾಚೆಗಳಿಗೆ ಮಾತ್ರ ಮುಖವೇ ಇಲ್ಲ. ಗುಡ್ಡದ ಮೇಲೆ ಕಾಣಿಸಿಕೊಂಡು, ಬೆನ್ನಟ್ಟಿ, ಗುಂಡಿಗೆ ಉರುಳುವುದಷ್ಟೇ ಅವರ ಪಾಲು. ಇದನ್ನೂ ಟಿಪ್ಪಣಿಯಲ್ಲಿ ಬರೆಯಿಸಿ. ಒಂದು ದೇಶದ ಅನುಕಂಪ ಎಲ್ಲಿ ನಿಂತಿತ್ತು ಎಂಬುದೂ ಆ ದೇಶದ ಮನಸ್ಸಿನ ದಾಖಲೆಯೇ. ವಿದ್ಯಾರ್ಥಿಗಳ ಹತ್ತಿರ ಮಾತಾಡುವಾಗ ‘ರೆಡ್ ಇಂಡಿಯನ್ನರು’ ಎಂಬ ಒಂದೇ ಪದದಲ್ಲಿ ಎಲ್ಲರನ್ನೂ ಮುಗಿಸಬೇಡಿ. ಅಪಾಚೆ, ಕಮಾಂಚೆ, ಶೆಯೆನ್, ಲಕೋಟಾ ಎಂದು ಆಯಾ ಜನದ ಹೆಸರು ಹಿಡಿದೇ ಹೇಳಿ. ಫೋರ್ಡ್ ಚಿತ್ರಗಳಲ್ಲಿ ಅಪಾಚೆ, ಕಮಾಂಚೆಗಳಾಗಿ ಕಾಣುವ ಗುಂಪು ನಟರಲ್ಲಿ ಹೆಚ್ಚಿನವರು ಅವರು ಚಿತ್ರೀಕರಿಸುತ್ತಿದ್ದ ಮಾನ್ಯುಮೆಂಟ್ ವ್ಯಾಲಿಯ ನವಾಹೋ ಎಂಬ ಬೇರೆಯೇ ಮೂಲನಿವಾಸಿ ಜನ. ಮಾತಿರುವ ಪಾತ್ರಗಳು ಬಿಳಿಯರಿಗೆ ಹೋಗುತ್ತಿದ್ದವು. ‘ದಿ ಸರ್ಚರ್ಸ್’ ಚಿತ್ರದ ಕಮಾಂಚೆ ನಾಯಕ ಸ್ಕಾರ್ ಪಾತ್ರದ ಹೆನ್ರಿ ಬ್ರಾಂಡನ್ ಹುಟ್ಟಿದ್ದು ಬರ್ಲಿನ್‌ನಲ್ಲಿ.

ಎರಡನೇ ವಾರ ಜೋಡಿ ಚಿತ್ರಗಳ ವಾರ. ಇಡೀ ವಿಷಯಕ್ಕೆ ಇಷ್ಟು ಒಳ್ಳೆಯ ಜೋಡಿ ಇನ್ನೊಂದಿಲ್ಲ, ಅದಕ್ಕೇ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಫ್ರೆಡ್ ಜಿನೆಮನ್ ನಿರ್ದೇಶನದ ‘ಹೈ ನೂನ್’ (1952) 85 ನಿಮಿಷದ ಚಿತ್ರ. ಕಥೆಯ ಗಡಿಯಾರವೂ ಹೆಚ್ಚುಕಮ್ಮಿ ನಿಮ್ಮ ಕೈಗಡಿಯಾರದ ಜೊತೆಗೇ ಓಡುತ್ತದೆ. ಊರಿನ ಕಾನೂನು ಕಾಯುವ ಅಧಿಕಾರಿ, ಅಂದರೆ ಮಾರ್ಷಲ್, ವಿಲ್ ಕೇನ್ ಆಗತಾನೇ ಮದುವೆಯಾಗಿ ಕೆಲಸ ಬಿಟ್ಟು ಹೊರಟಿದ್ದಾನೆ. ತಾನು ಜೈಲಿಗೆ ಕಳಿಸಿದ್ದ ಫ್ರ್ಯಾಂಕ್ ಮಿಲ್ಲರ್ ಮಧ್ಯಾಹ್ನ ಹನ್ನೆರಡರ ರೈಲಿಗೆ ಬರುತ್ತಾನೆ ಎಂದು ಸುದ್ದಿ ಬರುತ್ತದೆ. ಅವನ ಮೂವರು ಸಹಚರರು ಸ್ಟೇಷನ್ನಿನಲ್ಲಿ ಕಾಯುತ್ತಿದ್ದಾರೆ. ಕೇನ್ ವಾಪಸು ಬಂದು ಮನೆ ಮನೆ ಬಾಗಿಲು ತಟ್ಟುತ್ತಾನೆ. ಒಬ್ಬರೂ ಜೊತೆಗೆ ನಿಲ್ಲುವುದಿಲ್ಲ.

ಇಲ್ಲಿ ಎರಡು ದೃಶ್ಯ ನಿಧಾನವಾಗಿ ನೋಡಬೇಕು. ಒಂದು ನ್ಯಾಯಾಧೀಶನದು. ಕೇನ್ ಎದುರಿಗೇ ಅವನು ಗೋಡೆಯ ಮೇಲಿನ ಅಮೆರಿಕದ ಬಾವುಟ ಇಳಿಸಿ ಮಡಚುತ್ತಾನೆ, ನ್ಯಾಯದ ತಕ್ಕಡಿಯನ್ನು ಚೀಲಕ್ಕೆ ತುಂಬುತ್ತಾನೆ, ಕುದುರೆ ಹತ್ತಿ ಹೋಗುತ್ತಾನೆ. ಇನ್ನೊಂದು ಚರ್ಚಿನದು. ಊರ ದೊಡ್ಡ ಮನುಷ್ಯ ಹೆಂಡರ್ಸನ್ ಎದ್ದು ನಿಂತು, ಈ ಊರಿಗೆ ಕೇನ್‌ನಂಥ ಮಾರ್ಷಲ್ ಹಿಂದೆ ಸಿಕ್ಕಿರಲಿಲ್ಲ, ಮುಂದೆಯೂ ಸಿಕ್ಕುವುದಿಲ್ಲ ಎಂಬಂತೆ ಹೊಗಳುತ್ತಾನೆ. ಈಗ ಸಹಾಯಕ್ಕೆ ಕರೆಯುತ್ತಾನೆ ಎಂದು ನಾವು ಕಾಯುತ್ತಿರುವಾಗಲೇ ಮಾತು ತಿರುಗುತ್ತದೆ. ಉತ್ತರದ ಕಡೆಯವರು ಇಲ್ಲಿ ಹಣ ಹೂಡಲು ಯೋಚಿಸುತ್ತಿದ್ದಾರೆ, ಬೀದಿಯಲ್ಲಿ ಗುಂಡು ಹಾರಿದರೆ ಊರಿನ ಹೆಸರು ಕೆಡುತ್ತದೆ, ಆದ್ದರಿಂದ ನೀನು ಹೊರಟುಬಿಡು ಎನ್ನುತ್ತಾನೆ. ಬೆನ್ನು ತಟ್ಟುತ್ತಲೇ ಹೊಸಿಲು ದಾಟಿಸುವುದು ಹೇಗೆಂದು ನೋಡಬೇಕಾದರೆ ಈ ಭಾಷಣ ನೋಡಬೇಕು.

ಚಿತ್ರಕಥೆ ಬರೆದ ಕಾರ್ಲ್ ಫೋರ್‌ಮನ್ ಹಿಂದೆ ಕಮ್ಯುನಿಸ್ಟ್ ಪಕ್ಷದಲ್ಲಿದ್ದವರು. 1951ರಲ್ಲಿ ಚಿತ್ರೀಕರಣ ನಡೆಯುತ್ತಿರುವಾಗಲೇ ‘ಅಮೆರಿಕ ವಿರೋಧಿ ಚಟುವಟಿಕೆ’ಗಳನ್ನು ತನಿಖೆ ಮಾಡುತ್ತಿದ್ದ ಸಂಸದೀಯ ಸಮಿತಿ ಅವರನ್ನು ಕರೆಸಿತು. ಪಕ್ಷದಲ್ಲಿದ್ದ ಇತರರ ಹೆಸರನ್ನು ಅವರು ಹೇಳಲಿಲ್ಲ. ಹಾಲಿವುಡ್ ಕೆಲಸ ಕೊಡದವರ ಕಪ್ಪುಪಟ್ಟಿಗೆ ಸೇರಿ ಇಂಗ್ಲೆಂಡಿಗೆ ಹೋಗಬೇಕಾಯಿತು. ನಿನ್ನೆಯವರೆಗೆ ಜೊತೆಗಿದ್ದ ಗೆಳೆಯರು ಬಾಗಿಲು ಹಾಕಿಕೊಂಡ ಅನುಭವ ಆ ಊರಿನ ಬೀದಿಯಲ್ಲಿದೆ. ಕೊನೆಯ ಗುಂಡಿನ ಸದ್ದು ಅಡಗಿದ ಮೇಲೆ ಜನ ಹೊರಬಂದು ಸುತ್ತ ನಿಲ್ಲುತ್ತಾರೆ. ಕೇನ್ ಎದೆಯ ಮೇಲಿನ ತಗಡಿನ ನಕ್ಷತ್ರ ಕಿತ್ತು ಮಣ್ಣಿಗೆ ಎಸೆದು, ಒಂದೂ ಮಾತಾಡದೆ ಗಾಡಿ ಹತ್ತುತ್ತಾನೆ.

ನಿರ್ದೇಶಕ ಹಾವರ್ಡ್ ಹಾಕ್ಸ್‌ಗೂ ನಟ ಜಾನ್ ವೇನ್‌ಗೂ ಇದು ಹಿಡಿಸಲಿಲ್ಲ. ಕಸುಬು ಬಲ್ಲ ಷರೀಫ (ಮಾರ್ಷಲ್‌ನಂಥದೇ ಅಧಿಕಾರಿ) ಊರೆಲ್ಲ ಅಲೆದು ಸಹಾಯ ಬೇಡುತ್ತಾನೆಯೇ ಎಂಬುದು ಹಾಕ್ಸ್ ಆಕ್ಷೇಪ. ಉತ್ತರವಾಗಿ ಅವರಿಬ್ಬರೂ ‘ರಿಯೊ ಬ್ರಾವೊ’ (1959) ಮಾಡಿದರು. ಅಲ್ಲಿ ಷರೀಫನಿಗೆ ಸಹಾಯ ಮಾಡಲು ಜನ ತಾವಾಗಿಯೇ ಮುಂದೆ ಬರುತ್ತಾರೆ, ಅವನೇ ಬೇಡ ಎನ್ನುತ್ತಾನೆ. ಹೆಂಡತಿ ಮಕ್ಕಳಿರುವ ಹವ್ಯಾಸಿಗಳು ಸುಮ್ಮನೆ ಸಾಯುತ್ತಾರೆ ಎಂಬುದು ಅವನ ಲೆಕ್ಕ. ಕುಡಿತ ಬಿಡಲು ಒದ್ದಾಡುವ ಸಹಾಯಕ, ಕುಂಟ ಮುದುಕ, ಬಿಸಿರಕ್ತದ ಹುಡುಗ, ಈ ಮೂವರನ್ನು ಕಟ್ಟಿಕೊಂಡೇ ಗೆಲ್ಲುತ್ತಾನೆ. ನಕ್ಷತ್ರ ಎದೆಯ ಮೇಲೇ ಉಳಿಯುತ್ತದೆ. ಒಂದೇ ದಶಕದ ಒಂದೇ ಅಮೆರಿಕ ತನ್ನ ಬಗ್ಗೆ ಎರಡು ಮಾತು ಆಡಿದೆ. ‘ರಾಷ್ಟ್ರೀಯ ಮನೋಭಾವ’ ಎಂದೊಡನೆ ಇಡೀ ದೇಶ ಒಂದೇ ಥರ ಯೋಚಿಸುತ್ತಿತ್ತು ಎಂದುಕೊಳ್ಳುವ ತಪ್ಪು ಈ ಜೋಡಿ ನೋಡಿದ ಮೇಲೆ ನಿಲ್ಲುತ್ತದೆ.

ಮತ್ತೊಂದು ತೊಡಕೂ ಇದೆ. ಕೇನ್ ಪಾತ್ರದ ಗ್ಯಾರಿ ಕೂಪರ್ ಬಲಪಂಥದ ಮನುಷ್ಯ, 1947ರಲ್ಲಿ ಅದೇ ಸಮಿತಿಯ ಮುಂದೆ ಸ್ವಇಚ್ಛೆಯಿಂದ ಸಾಕ್ಷಿ ನುಡಿದವರು. ಈ ಪಾತ್ರಕ್ಕೆ ಅವರಿಗೆ ಬಂದ ಆಸ್ಕರನ್ನು ವೇದಿಕೆಯಲ್ಲಿ ಅವರ ಪರವಾಗಿ ಸ್ವೀಕರಿಸಿದವರು ಜಾನ್ ವೇನ್. 1989ರಲ್ಲಿ ಪೋಲೆಂಡಿನ ಸಾಲಿಡಾರಿಟಿ ಚಳವಳಿ ಕಮ್ಯುನಿಸ್ಟ್ ಸರ್ಕಾರದ ಎದುರು ಚುನಾವಣೆಗೆ ನಿಂತಾಗ ಗೋಡೆಗಳಿಗೆ ಅಂಟಿಸಿದ್ದು ಇದೇ ಕೂಪರ್ ಚಿತ್ರವಿದ್ದ ಪೋಸ್ಟರ್, ಕೈಯಲ್ಲಿ ಬಂದೂಕಿನ ಬದಲು ಮತಪತ್ರ. ಒಂಟಿಯಾಗಿ ನಿಲ್ಲುವವನ ಕಥೆಯನ್ನು ಯಾರು ಬೇಕಾದರೂ ತಮ್ಮದೆಂದು ಹೇಳಿಕೊಳ್ಳಬಲ್ಲರು. ಬರೆದವರ ಉದ್ದೇಶ, ನೋಡಿದವರ ಗ್ರಹಿಕೆ ಎರಡನ್ನೂ ಬೇರೆ ಬೇರೆ ಗೆರೆಯಲ್ಲಿ ಬರೆಯಿರಿ.

ಮೂರನೇ ವಾರ ‘ದಿ ಸರ್ಚರ್ಸ್’ (1956) ಮತ್ತು ‘ದಿ ವೈಲ್ಡ್ ಬಂಚ್’ (1969). ಮೊದಲನೆಯದರಲ್ಲಿ ಕಮಾಂಚೆಗಳು ಒಯ್ದ ಸೋದರನ ಮಗಳು ಡೆಬಿಯನ್ನು ಈಥನ್ (ಜಾನ್ ವೇನ್) ವರ್ಷಗಟ್ಟಲೆ ಹುಡುಕುತ್ತಾನೆ. ಹುಡುಕುವುದು ಕಾಪಾಡಲು ಅಲ್ಲ, ಅವರ ನಡುವೆ ಬೆಳೆದು ‘ಕೆಟ್ಟಳು’ ಎಂದು ಕೊಲ್ಲಲು ಎಂಬುದು ನಡುವೆ ಗೊತ್ತಾಗುತ್ತದೆ. ಶಾಲೆಗಳಲ್ಲಿ ವರ್ಣಭೇದ ಸಂವಿಧಾನಬಾಹಿರ ಎಂದು ಅಮೆರಿಕದ ಸುಪ್ರೀಂ ಕೋರ್ಟು ತೀರ್ಪು ಕೊಟ್ಟದ್ದು 1954ರಲ್ಲಿ. ವರ್ಣಾಂತರ ವಿವಾಹಕ್ಕಿದ್ದ ನಿಷೇಧವನ್ನು ಅದು ದೇಶಾದ್ಯಂತ ತೆಗೆದುಹಾಕಿದ್ದು 1967ರಲ್ಲಿ. ಚಿತ್ರ ಬಂದದ್ದು ಇವೆರಡರ ನಡುವೆ. ಅದುವರೆಗೆ ಜನ ಮೆಚ್ಚಿದ ಜಾನ್ ವೇನ್ ಮುಖದಲ್ಲೇ ಜನಾಂಗದ್ವೇಷ ತೋರಿಸಿದ್ದು ಫೋರ್ಡ್ ಅವರ ದೊಡ್ಡ ಧೈರ್ಯ. ಕತ್ತಲ ಮನೆಯ ಒಳಗಿನಿಂದ ಬಾಗಿಲು ತೆರೆಯುವ ಮೊದಲ ದೃಶ್ಯ, ಈಥನ್ ಹೊರಗೇ ಉಳಿದು ಬಾಗಿಲು ಮುಚ್ಚುವ ಕೊನೆಯ ದೃಶ್ಯ, ಇವೆರಡನ್ನೂ ಒಂದರ ಹಿಂದೆ ಒಂದು ಹಾಕಿ ತೋರಿಸಿ. ಹುಡುಗಿಗೆ ಮನೆಯೊಳಗೆ ಜಾಗ ಸಿಕ್ಕಿತು, ಅವನಿಗೆ ಸಿಗಲಿಲ್ಲ.

‘ದಿ ವೈಲ್ಡ್ ಬಂಚ್’ ಕಥೆ 1913ರದು, ಪಶ್ಚಿಮ ಸೀಮೆ ಮುಗಿದು ಮೋಟಾರು ಕಾರು, ಮಷಿನ್ ಗನ್ ಬಂದ ಕಾಲ. ಆರಂಭದಲ್ಲಿ ಅಮೆರಿಕ ಸೇನೆಯ ಸಮವಸ್ತ್ರದವರು ಶಿಸ್ತಿನಿಂದ ಊರಿಗೆ ಬರುತ್ತಾರೆ. ದಾರಿ ಬದಿಯಲ್ಲಿ ಮಕ್ಕಳು ಚೇಳುಗಳನ್ನು ಇರುವೆಗಳ ನಡುವೆ ಬಿಟ್ಟು ನಗುತ್ತಾ ನೋಡುತ್ತಿದ್ದಾರೆ. ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ, ಸಮವಸ್ತ್ರದವರೇ ದರೋಡೆಕೋರರು. ಅವರನ್ನು ಹಿಡಿಯಲೆಂದು ರೈಲ್ವೆ ಕಂಪನಿಯ ಕೂಲಿ ಬಂದೂಕಿನವರು ಮಾಳಿಗೆ ಮೇಲೆ ಅಡಗಿದ್ದಾರೆ. ಪಾನನಿಷೇಧದ ಮೆರವಣಿಗೆ ಮಧ್ಯೆ ಸಿಕ್ಕಿಕೊಳ್ಳುತ್ತದೆ, ಎರಡೂ ಕಡೆಯ ಗುಂಡಿಗೆ ಊರಿನವರು ಸಾಯುತ್ತಾರೆ. ವಿಯೆಟ್ನಾಂನಲ್ಲಿ ಅಮೆರಿಕದ ಸೈನಿಕರು ವೈರಿಯ ಹಿಡಿತದ ಸೀಮೆಯನ್ನು ‘ಇಂಡಿಯನ್ ಕಂಟ್ರಿ’ ಎಂದೇ ಕರೆಯುತ್ತಿದ್ದ ವರ್ಷಗಳು ಅವು. 1970ರ ‘ಸೋಲ್ಜರ್ ಬ್ಲೂ’ ಶೆಯೆನ್ ಜನರ ಮೇಲೆ ಸೇನೆ ನಡೆಸಿದ 1864ರ ಸ್ಯಾಂಡ್ ಕ್ರೀಕ್ ಹತ್ಯಾಕಾಂಡವನ್ನೂ, ‘ಲಿಟಲ್ ಬಿಗ್ ಮ್ಯಾನ್’ ಅವರ ಮೇಲಿನದೇ 1868ರ ವಾಶಿಟಾ ದಾಳಿಯನ್ನೂ ತೆರೆಗೆ ತಂದವು. ಸೇನೆ ಬಂದರೆ ಬದುಕಿದೆವು ಎನ್ನುವ ಹಳೆಯ ಕಹಳೆ ಈಗ ಹಳ್ಳಿಗೆ ಬಂದ ಯಮನ ಸದ್ದಾಯಿತು. ‘ಲಿಟಲ್ ಬಿಗ್ ಮ್ಯಾನ್’ ನಾಯಕನ ಶೆಯೆನ್ ಹೆಂಡತಿಯಾಗಿ ಹಾಂಗ್‌ಕಾಂಗ್ ಮೂಲದ ನಟಿಯನ್ನು ಆರಿಸಿದ್ದರು. ಆ ಏಷ್ಯನ್ ಮುಖ ನೋಡಿದವರಿಗೆ ಯಾವ ಯುದ್ಧ ನೆನಪಾಗುತ್ತಿತ್ತು ಎಂದು ವಿವರಿಸಬೇಕಾಗಿಲ್ಲ.

ಆದರೆ ರಕ್ತ ಹರಿದದ್ದೆಲ್ಲ ವಿಯೆಟ್ನಾಂನಿಂದ ಎಂದು ಬರೆಯಬೇಡಿ. ಹೆಚ್ಚಿನ ಲೇಖನಗಳು ಎಡವುವುದು ಇಲ್ಲೇ. 1934ರಿಂದ ಬಿಗಿಯಾಗಿ ಜಾರಿಯಲ್ಲಿದ್ದ ಹಾಲಿವುಡ್ಡಿನ ನೀತಿಸಂಹಿತೆ 1968ರಲ್ಲಿ ಹೋಗಿ, ವಯಸ್ಸಿನ ದರ್ಜೆ ಕೊಡುವ ಪದ್ಧತಿ ಬಂತು. ಅದಕ್ಕೂ ಹಿಂದೆ ಸೆರ್ಜಿಯೊ ಲಿಯೊನೆಯ ಇಟಾಲಿಯನ್ ವೆಸ್ಟರ್ನ್‌ಗಳು 1967ರಲ್ಲಿ ಅಮೆರಿಕಕ್ಕೆ ಬಂದು ಹಣ ಮಾಡಿದ್ದವು. ಮೂರೂ ಕಾರಣ ಒಟ್ಟಿಗೆ ಹೇಳಿದರೆ ಮಾತ್ರ ಉತ್ತರ ಪೂರ್ತಿ. ‘ದಿ ವೈಲ್ಡ್ ಬಂಚ್’ ಹಾಕುವ ಮುನ್ನ ಅವಧಿಯನ್ನೂ ನೋಡಿಕೊಳ್ಳಿ. ಬಿಡುಗಡೆಯಾದ ಮೇಲೆ ಕತ್ತರಿಸಿದ ಪ್ರತಿಗಳೂ ಓಡಾಡಿದವು, ನಿಮಗೆ ಬೇಕಾದದ್ದು ಸುಮಾರು 145 ನಿಮಿಷದ್ದು.

ಟಿವಿಗೆ ಪ್ರತ್ಯೇಕ ವಾರ ಸಿಗದಿದ್ದರೆ ಮೂರನೇ ವಾರದ ಕೊನೆಯಲ್ಲಿ ಅರ್ಧ ಗಂಟೆ ಎತ್ತಿಡಿ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಸಂಜೆಯ ಟಿವಿಯಲ್ಲಿ ಸುಮಾರು ಮೂವತ್ತು ವೆಸ್ಟರ್ನ್ ಸರಣಿಗಳು ಒಟ್ಟಿಗೆ ನಡೆಯುತ್ತಿದ್ದವು. ‘ಗನ್‌ಸ್ಮೋಕ್’ ಒಂದೇ 1955ರಿಂದ 1975ರವರೆಗೆ 20 ವರ್ಷ, 635 ಕಂತು ಓಡಿತು. ಅದೇ ಊರು, ಅದೇ ಮಾರ್ಷಲ್ ಡಿಲ್ಲನ್, ಅದೇ ನಟ ಜೇಮ್ಸ್ ಆರ್ನೆಸ್. ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಬೇಕಿಲ್ಲ. ಮೊದಲ ವರ್ಷದ ಒಂದು ಶೀರ್ಷಿಕೆ ದೃಶ್ಯ, 1970ರ ನಂತರದ ಒಂದು, ಎರಡನ್ನೂ ಹಾಕಿ. ಮೊದಲನೆಯದರಲ್ಲಿ ಬೀದಿಯಲ್ಲಿ ಎದುರಾಳಿಯ ಮೇಲೆ ಡಿಲ್ಲನ್ ಪಿಸ್ತೂಲು ಎಳೆಯುತ್ತಾನೆ. ಕೊನೆಯ ವರ್ಷಗಳಲ್ಲಿ ಬಯಲಿನಲ್ಲಿ ಕುದುರೆ ಓಡಿಸುತ್ತಾ ಬರುತ್ತಾನೆ ಅಷ್ಟೆ. ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನಡಿ 1968ರಲ್ಲಿ ಎರಡೇ ತಿಂಗಳ ಅಂತರದಲ್ಲಿ ಗುಂಡಿಗೆ ಬಲಿಯಾದ ಮೇಲೆ ಟಿವಿಯ ಹಿಂಸೆಯ ಬಗ್ಗೆ ದೊಡ್ಡ ಕೂಗೆದ್ದಿತ್ತು, ವಾಹಿನಿಗಳು ಬಂದೂಕನ್ನು ಹಿಂದಕ್ಕೆ ಸರಿಸಿದವು. ಸಿನಿಮಾದಲ್ಲಿ ರಕ್ತ ಹೆಚ್ಚಾದ ಅದೇ ವರ್ಷಗಳಲ್ಲಿ ಟಿವಿಯಲ್ಲಿ ಕಡಿಮೆಯಾಯಿತು. ಟಿಕೆಟ್ ಕೊಂಡು ಬರುವವರೇ ಬೇರೆ, ನಡುಮನೆಯಲ್ಲಿ ಮಕ್ಕಳ ಜೊತೆ ಕೂತು ನೋಡುವವರೇ ಬೇರೆ. ಟಿವಿಗೆ ದುಡ್ಡು ಕೊಡುವವರು ಜಾಹೀರಾತುದಾರರು ಎಂಬುದನ್ನೂ ಮರೆಯಬಾರದು. ‘ಬೊನಾಂಜಾ’ 1959ರಲ್ಲೇ ಬಣ್ಣದಲ್ಲಿ ಬಂದದ್ದಕ್ಕೆ ಒಂದು ಕಾರಣ, ಅದನ್ನು ಪ್ರಸಾರ ಮಾಡಿದ ಎನ್‌ಬಿಸಿಯ ಒಡೆಯ ಆರ್‌ಸಿಎ ಕಂಪನಿ ಕಲರ್ ಟಿವಿ ಮಾರುತ್ತಿತ್ತು.

ಇಸವಿ ಹೊಂದಿಸುವಾಗ ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಗಂಟು ಹಾಕಬೇಡಿ. ಚೀನೀ ಸನ್ಯಾಸಿಯೊಬ್ಬ ಪಶ್ಚಿಮ ಸೀಮೆಯಲ್ಲಿ ಅಲೆಯುವ ‘ಕುಂಗ್ ಫೂ’ ಸರಣಿಯ ಮೊದಲ ಚಿತ್ರ ಟಿವಿಯಲ್ಲಿ ಬಂದದ್ದು 1972ರ ಫೆಬ್ರವರಿ 22ರಂದು. ಆ ದಿನ ಅಧ್ಯಕ್ಷ ನಿಕ್ಸನ್ ಚೀನಾದಲ್ಲಿದ್ದರು! ಎಷ್ಟು ಚೆಂದ ಹೊಂದುತ್ತದೆ ಎನಿಸುತ್ತದೆ, ಆದರೆ ಕಥೆ ಬರೆದದ್ದು, ಚಿತ್ರೀಕರಿಸಿದ್ದು ಅದಕ್ಕೆ ಎಷ್ಟೋ ಮೊದಲು. ಇಲ್ಲಿ ನಿಜವಾಗಿ ಗಮನಿಸಬೇಕಾದದ್ದು ಬೇರೆ. ರೈಲು ಹಳಿ ಹಾಕಿದ ಚೀನೀಯರಿಗೆ ಕಡೆಗೂ ಕಥೆಯ ನಡುವೆ ಜಾಗ ಸಿಕ್ಕಿತು, ಪಾತ್ರ ಮಾತ್ರ ಬಿಳಿಯ ನಟ ಡೇವಿಡ್ ಕ್ಯಾರಡೈನ್ ಪಾಲಾಯಿತು. ದೇಶ ಎಷ್ಟು ದೂರ ನಡೆದಿತ್ತು, ಎಲ್ಲಿ ಕಾಲೆಳೆಯುತ್ತಿತ್ತು ಎರಡೂ ಅದರಲ್ಲಿವೆ.

ನಾಲ್ಕನೇ ವಾರಕ್ಕೆ ಕ್ಲಿಂಟ್ ಈಸ್ಟ್‌ವುಡ್ ಅವರ ‘ಅನ್‌ಫರ್ಗಿವನ್’ (1992). ಇಲ್ಲಿನ ಷರೀಫ ಊರೊಳಗೆ ಬಂದೂಕು ತರುವುದನ್ನು ನಿಷೇಧಿಸಿದ್ದಾನೆ, ಶಾಂತಿಯ ಹೆಸರಲ್ಲಿ ಮನುಷ್ಯರನ್ನು ಬೂಟುಗಾಲಲ್ಲಿ ಒದೆಯುತ್ತಾನೆ. ಅವನು ಕೈಯಾರೆ ಕಟ್ಟಿಕೊಳ್ಳುತ್ತಿರುವ ಮನೆಯ ಸೂರು ಸೋರುತ್ತದೆ. ರಾಡ್ನಿ ಕಿಂಗ್ ಎಂಬ ಕಪ್ಪುವರ್ಣೀಯರನ್ನು ಥಳಿಸಿದ ಲಾಸ್ ಏಂಜಲೀಸ್ ಪೊಲೀಸರು ತಪ್ಪಿಸಿಕೊಂಡ ತೀರ್ಪು, ಅದರಿಂದೆದ್ದ ಗಲಭೆ ಅದೇ ವರ್ಷದ ಏಪ್ರಿಲ್ ಕೊನೆಯಲ್ಲಿ, ಚಿತ್ರ ಬಂದದ್ದು ಆಗಸ್ಟಿನಲ್ಲಿ. ನೋಡಿದವರಿಗೆ ನೆನಪಾಗಿರಬಹುದು. ಆದರೆ ಡೇವಿಡ್ ವೆಬ್ ಪೀಪಲ್ಸ್ ಈ ಕಥೆ ಬರೆದದ್ದು 1970ರ ದಶಕದಲ್ಲಿ. ಈಸ್ಟ್‌ವುಡ್ ಅದನ್ನು ಕೊಂಡು, ಪಾತ್ರಕ್ಕೆ ತಕ್ಕ ವಯಸ್ಸು ತನಗೆ ಬರಲಿ ಎಂದು ವರ್ಷಗಟ್ಟಲೆ ಇಟ್ಟುಕೊಂಡಿದ್ದರು. ವಿಯೆಟ್ನಾಂ ನಂತರದ ಬೇಸರ 1990ರ ದಶಕದಲ್ಲಿ ತೆರೆ ಕಂಡಿತು. ಆದ್ದರಿಂದ ಮೂರನೇ ಇಸವಿಯನ್ನೂ ಸೇರಿಸಿಕೊಳ್ಳಿ, ಕಥೆ ಬರೆದ ವರ್ಷ.

ಸಮಯವಿದ್ದರೆ ಕೆವಿನ್ ಕಾಸ್ಟ್‌ನರ್ ಎಂಬ ಒಬ್ಬ ನಟನ ಎರಡು ಪಾತ್ರ ಅಕ್ಕಪಕ್ಕ ಇಡಿ. 1990ರ ‘ಡ್ಯಾನ್ಸಸ್ ವಿತ್ ವುಲ್ವ್ಸ್’ ಚಿತ್ರದಲ್ಲಿ ಸೇನೆ ಬಿಟ್ಟು ಲಕೋಟಾ ಜನರ ಜೊತೆ ಸೇರಿ, ಅವರ ಭಾಷೆ ಕಲಿಯುವ ಸೈನಿಕ. ವೂಂಡೆಡ್ ನೀ ನಡೆದು ನೂರು ವರ್ಷ ತುಂಬಿ, ಸಂಸತ್ತು ವಿಷಾದ ಸೂಚಿಸಿದ ವರ್ಷ ಅದು. ಮೂಲನಿವಾಸಿಗಳ ಅಸ್ಥಿಗಳನ್ನು ಮ್ಯೂಸಿಯಂಗಳು ಹಿಂದಿರುಗಿಸಬೇಕೆಂಬ ಕಾನೂನೂ ಚಿತ್ರ ಬಂದ ನವೆಂಬರಿನಲ್ಲೇ ಬಂತು. 2018ರಲ್ಲಿ ಶುರುವಾದ ‘ಯೆಲ್ಲೊಸ್ಟೋನ್’ ಸರಣಿಯಲ್ಲಿ ಅದೇ ಕಾಸ್ಟ್‌ನರ್ ಮೊಂಟಾನಾದ ದೊಡ್ಡ ಜಮೀನುದಾರ. ರೆಸಾರ್ಟ್ ಕಟ್ಟುವವರಿಂದ, ಪಕ್ಕದ ಬುಡಕಟ್ಟಿನಿಂದ, ಸರ್ಕಾರದಿಂದ ತನ್ನ ನೆಲ ಕಾಯುವುದೇ ಬದುಕು. 1990ರಲ್ಲಿ ಬೇಲಿ ದಾಟಿ ಹೋದ ಮುಖ 2018ರಲ್ಲಿ ಬೇಲಿ ಕಾಯುತ್ತಿದೆ. ಆ ಬುಡಕಟ್ಟಿನ ನಾಯಕನಿಗೂ ಈಗ ವಕೀಲರಿದ್ದಾರೆ, ಲೆಕ್ಕಾಚಾರವಿದೆ, ವಾದವಿದೆ. ‘ಸ್ಟೇಜ್‌ಕೋಚ್’ನ ಮುಖವಿಲ್ಲದ ಅಪಾಚೆಗಳಿಂದ ಅಲ್ಲಿಗೆ ಎಂಬತ್ತು ವರ್ಷ ಹಿಡಿಯಿತು.

ಕೊನೆಯ ದಿನಕ್ಕೆ ನಮ್ಮ ಕಡೆಯ ಒಂದು ಪಾಠಾಂತರ. ‘ಶೋಲೆ’ ಈ ಅಮೆರಿಕನ್, ಇಟಾಲಿಯನ್ ವೆಸ್ಟರ್ನ್‌ಗಳಿಂದ ಧಾರಾಳವಾಗಿ ಪಡೆದ ಚಿತ್ರ, ಅದರ ಬಂಡೆಗಾಡು ನಮ್ಮ ರಾಮನಗರದ್ದು. ಮೊದಲು ಚಿತ್ರೀಕರಿಸಿದ ಅಂತ್ಯದಲ್ಲಿ ಮಾಜಿ ಪೊಲೀಸ್ ಅಧಿಕಾರಿ ಠಾಕೂರ್ ಮೊಳೆ ಹೊಡೆದ ಬೂಟಿನಿಂದ ಗಬ್ಬರನನ್ನು ಕೊಲ್ಲುತ್ತಾನೆ. ತುರ್ತು ಪರಿಸ್ಥಿತಿ ಜಾರಿಯಾದ ವರ್ಷವೇ, 1975ರ ಆಗಸ್ಟ್ 15ಕ್ಕೆ, ತೆರೆ ಕಂಡ ಪ್ರತಿಯಲ್ಲಿ ಪೊಲೀಸರು ಬಂದು ಅವನ ಕಾಲು ತಡೆಯುತ್ತಾರೆ. ಕಾನೂನು ಕಾಯ್ದವನೇ ಅದನ್ನು ಕೈಗೆ ತೆಗೆದುಕೊಳ್ಳುವುದನ್ನು ಸೆನ್ಸಾರ್ ಒಪ್ಪಿರಲಿಲ್ಲ. ‘ಹೈ ನೂನ್’ ಚಿತ್ರದ ಕೊನೆಯ ಮೂರು ನಿಮಿಷ, ‘ಶೋಲೆ’ಯ ಈ ಎರಡು ಅಂತ್ಯ, ಮೂರನ್ನೂ ಸಾಲಾಗಿ ಹಾಕಿ. ಆಮೇಲೆ ದೀಪ ಹಾಕಿ, ನಕ್ಷತ್ರ ಕಿತ್ತೆಸೆದವನೂ ಬೂಟು ಕೆಳಗಿಳಿಸಿದವನೂ ಯಾರ ಮಾತಿಗೆ ಹಾಗೆ ಮಾಡಿದರು ಎಂದು ಕೇಳಿ, ಚರ್ಚೆಗೆ ಒಂದು ಗಂಟೆಯಾದರೂ ಬಿಡಿ.